ಇಡ್ಲಿಗೊಂದು ಕ್ಯಾಲ್, ತಟ್ಟೆಗೊಂದು ಕ್ಯಾಲ್

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟಿನವರು ತಮ್ಮ ಮೇಲ್ ಸರ್ವರ್ ತಂತ್ರಾಂಶ ಎಕ್ಸ್‌ಚೇಂಜ್ 2016, 2019 ಎರಡಕ್ಕೂ ಬೆಂಬಲ ನಿಲ್ಲಿಸಿ ಒಟ್ಟಿಗೇ ಎಳ್ಳುನೀರು ಬಿಟ್ಟರಲ್ಲ, ಅವತ್ತಿನಿಂದ ತುಮಕೂರಿನ ಅಂತರಸನಹಳ್ಳಿ, ವಸಂತನರಸಾಪುರದ ಕಡೆ ಹೊಸ ಸರ್ವರ್ ಮಾರುವವರ ಕೊಟೇಶನ್ನುಗಳ ಸುಗ್ಗಿ. ಹನ್ನೆರಡು ಜನ ಕೂತು ಬಿಲ್ ಹಾಕುವ ಆಫೀಸಿಗೆ ವಿಂಡೋಸ್ ಸರ್ವರ್ ಡೇಟಾಸೆಂಟರ್ ಎಡಿಷನ್! ಒಂದೇ ಯಂತ್ರದೊಳಗೆ ಲೆಕ್ಕವಿಲ್ಲದಷ್ಟು ವರ್ಚುವಲ್ ಮಷೀನ್, ಅಂದರೆ ತಂತ್ರಾಂಶದಲ್ಲೇ ಕಟ್ಟಿದ ಕಂಪ್ಯೂಟರ್, ಓಡಿಸಬಹುದಂತೆ. ಅಲ್ಲಿ ಓಡಬೇಕಾದ್ದು ಟ್ಯಾಲಿ ಒಂದೇ.

ಅದರ ಕೆಳಗಿನ ಸ್ಟ್ಯಾಂಡರ್ಡ್ ಎಡಿಷನ್ ಸಾಕು ಅಂದಿರಾ? ಪ್ರೊಸೆಸರಿನಲ್ಲಿ ಎಂಟೇ ಕೋರ್ ಇದ್ದರೂ ಲೈಸೆನ್ಸ್ ಮಾತ್ರ ಕನಿಷ್ಠ ಹದಿನಾರು ಕೋರಿಗೆ. ಅಷ್ಟು ಕೊಟ್ಟ ಮೇಲೆ ಸರ್ವರ್ ನಿಮ್ಮದು, ಅದನ್ನು ಮುಟ್ಟುವ ಹಕ್ಕು ನಿಮ್ಮದಲ್ಲ. ಅದಕ್ಕೆ ಕ್ಯಾಲ್ (ಕ್ಲೈಂಟ್ ಆಕ್ಸೆಸ್ ಲೈಸೆನ್ಸ್) ಅಂತ ಬೇರೆ ಚೀಟಿ ಇದೆ, ಬಳಸುವವನ ಹೆಸರಿಗೋ ಕಂಪ್ಯೂಟರಿನ ಹೆಸರಿಗೋ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿಯವರಿಗೆ ಈ ಬುದ್ಧಿ ಇನ್ನೂ ಬಂದಿಲ್ಲ, ಪಾಪ. ಎಂಟು ತಿಂದರೆ ಎಂಟಕ್ಕೇ ಕಾಸು ತಗೋತಾರೆ. ಚಟ್ನಿಗೆ ಬೆರಳು ಅದ್ದೋಕೆ ಟೋಕನ್ ಇಟ್ಟಿಲ್ಲ. ಟೋಕನ್ ತಿನ್ನೋನ ಹೆಸರಿಗೋ ತಟ್ಟೆ ಹೆಸರಿಗೋ ಅಂತ ಗಲ್ಲಾದಲ್ಲಿ ಯಾರೂ ಕೇಳಲ್ಲ. ನಗಬೇಡಿ, ನಿಮ್ಮ ದುಡ್ಡು ಉಳಿಯೋದೂ ಹೋಗೋದೂ ಇದೇ ಪ್ರಶ್ನೆಯಲ್ಲಿ. ಮೂರು ಶಿಫ್ಟಿನಲ್ಲಿ ಮೂವತ್ತು ಜನ ಹತ್ತೇ ಕಂಪ್ಯೂಟರಿನಲ್ಲಿ ಕೆಲಸ ಮಾಡಿದರೆ ಡಿವೈಸ್ ಕ್ಯಾಲ್ ಹತ್ತು ಸಾಕು. ಲ್ಯಾಪ್‌ಟಾಪು, ಫೋನು, ಮನೆ ಕಂಪ್ಯೂಟರು ಅಂತ ಮೂರು ಕಡೆಯಿಂದ ನುಗ್ಗುವ ಮಾರ್ಕೆಟಿಂಗಿನವನಿಗೆ ಯೂಸರ್ ಕ್ಯಾಲ್ ಒಂದು. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಟ್ಯಾಲಿ ತೆರೆಯುವವರಿಗೆ ಇದರ ಮೇಲೆ ಆರ್‌ಡಿಎಸ್ (ರಿಮೋಟ್ ಡೆಸ್ಕ್‌ಟಾಪ್ ಸರ್ವೀಸಸ್) ಕ್ಯಾಲ್ ಬೇರೆ. ಕೊಟೇಶನ್ನಿನಲ್ಲಿ ಅದು ಮರೆತುಹೋಗಿರುತ್ತೆ. ಆ ಕ್ಯಾಲ್ ಇಲ್ಲದೆ ಓಡಿಸಲು ಕೊಟ್ಟ 120 ದಿನದ ವಾಯಿದೆ ಮುಗಿದ ಬೆಳಿಗ್ಗೆ ಯಾರಿಗೂ ಲಾಗಿನ್ ಆಗದಿದ್ದಾಗ ಎಲ್ಲರಿಗೂ ನೆನಪಾಗುತ್ತೆ.

ವಿಂಡೋಸ್ ಸರ್ವರಿನಲ್ಲೇ ಎಸೆನ್ಷಿಯಲ್ಸ್ ಅಂತ ಇನ್ನೊಂದು ಎಡಿಷನ್ ಇದೆ. 25 ಜನ, 50 ಸಾಧನ, ಕ್ಯಾಲಿನ ಗೊಡವೆ ಇಲ್ಲ. 2022ರ ಆವೃತ್ತಿಗೆ ಒಂದೇ ಪ್ರೊಸೆಸರ್, ಹತ್ತು ಕೋರಿನ ಮಿತಿ. ಹೊಸ ಯಂತ್ರದ ಜೊತೆಗೇ ತಗೋಬೇಕು. ಹನ್ನೆರಡು ಜನರ ಆಫೀಸಿಗೆ ಹೇಳಿ ಮಾಡಿಸಿದ್ದು. ಅದಕ್ಕೇ ಕೊಟೇಶನ್ನಿನಲ್ಲಿ ಇರಲ್ಲ.

ಇನ್ನು ಮೇಲ್. ಎಕ್ಸ್‌ಚೇಂಜ್ ಸ್ಟ್ಯಾಂಡರ್ಡಿಗೆ ಮೇಲ್‌ಗಳನ್ನು ತುಂಬಿಡುವ ಡೇಟಾಬೇಸ್ ಐದು, ಎಂಟರ್‌ಪ್ರೈಸಿಗೆ ನೂರು. ಕ್ಯಾಲಿಗೂ ಅವೇ ಎರಡು ಹೆಸರು, ಆದರೆ ಅವಕ್ಕೂ ಇವಕ್ಕೂ ನಂಟಿಲ್ಲ. ಎಂಟರ್‌ಪ್ರೈಸ್ ಕ್ಯಾಲ್ ಸ್ಟ್ಯಾಂಡರ್ಡ್ ಕ್ಯಾಲಿಗೆ ಬದಲಿಯಲ್ಲ, ಅದನ್ನು ಕೊಂಡ ಮೇಲೆ ಇದನ್ನೂ ಕೊಳ್ಳಬೇಕು. ನಾಮಕರಣ ಮಾಡಿದ ಪುರೋಹಿತರಿಗೆ ಸಾಷ್ಟಾಂಗ. ಎಕ್ಸ್‌ಚೇಂಜ್ 2019ಕ್ಕೆ ಮೈಕ್ರೋಸಾಫ್ಟಿನವರೇ ಶಿಫಾರಸು ಮಾಡಿದ ಮೆಮೊರಿ 128 ಜಿಬಿ, ಹನ್ನೆರಡು ಜನರ 'ಪ್ಲೀಸ್ ಫೈಂಡ್ ಅಟ್ಯಾಚ್ಡ್' ಹೊರೋಕೆ. ಈಗ ಬಂದಿರುವುದು ಸಬ್‌ಸ್ಕ್ರಿಪ್ಷನ್ ಎಡಿಷನ್. ಒಮ್ಮೆ ಕೊಂಡು ನಿಶ್ಚಿಂತರಾಗುವ ಕಾಲವೂ ಹೋಯಿತು.

ಸಾಕು. ಹನ್ನೆರಡು ಜನರ ಆಫೀಸಿಗೆ ಸ್ವಂತ ಮೇಲ್ ಸರ್ವರ್ ಮಾರೋದು ಶುದ್ಧ ಮೋಸ. ಬದಲಾಗದ ಇಂಟರ್‌ನೆಟ್ ವಿಳಾಸ, ಅಂದರೆ ಸ್ಟ್ಯಾಟಿಕ್ ಐಪಿ ಬೇಕು, ಆ ವಿಳಾಸದಿಂದ ನಿಮ್ಮ ಹೆಸರು ಹುಡುಕಲು ಇಂಟರ್‌ನೆಟ್ಟಿನವರು ರಿವರ್ಸ್ ಡಿಎನ್‌ಎಸ್ ಹಾಕಿಕೊಡಬೇಕು, ಮೇಲ್ ಹೊರಡುವ 25ನೇ ಪೋರ್ಟ್ ಮುಚ್ಚಿರಬಾರದು, ಮೇಲ್ ನಿಮ್ಮದೇ ಅಂತ ಸಾಬೀತು ಮಾಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಸರಿಯಿರಬೇಕು. ಎಲ್ಲೋ ಒಂದು ಕಡೆ ಎಡವಿದರೂ ನಿಮ್ಮ ಇನ್‌ವಾಯ್ಸ್ ಪಾರ್ಟಿಯ ಸ್ಪ್ಯಾಮಿನಲ್ಲಿ ಕೊಳೆಯುತ್ತೆ. ಇದನ್ನೆಲ್ಲ ದಿನಾ ನೋಡೋರು ಯಾರು? ಅಕೌಂಟ್ಸ್ ಹುಡುಗಿಯಾ? ತಿಂಗಳ ಬಾಡಿಗೆಯ ಮೇಲ್ ತಗೊಳ್ಳಿ. ಅಲ್ಲೂ ಹನ್ನೆರಡು ಜನಕ್ಕೂ ಒಂದೇ ಪ್ಲಾನ್ ತಲೆಗೆ ಕಟ್ಟುತ್ತಾರೆ, ಒಪ್ಪಬೇಡಿ. ಮೈಕ್ರೋಸಾಫ್ಟ್ 365ರಲ್ಲಿ ಕಂಪ್ಯೂಟರಿಗೆ ಹಾಕುವ ಎಕ್ಸೆಲ್, ಔಟ್‌ಲುಕ್ ಬೇಕಾದವರಿಗೆ ಮಾತ್ರ ಬಿಸಿನೆಸ್ ಸ್ಟ್ಯಾಂಡರ್ಡ್. ಬ್ರೌಸರಿನಲ್ಲೋ ಫೋನಿನಲ್ಲೋ ನೋಡುವ ಸೂಪರ್‌ವೈಸರಿಗೆ ಬೇಸಿಕ್. ಬೆರೆಸಿ ತಗೋಬಹುದು.

ಅದಕ್ಕೂ ಮುಂಚೆ ಡೊಮೈನ್, ಅಂದರೆ ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ನಿಮ್ಮ ಕಂಪನಿ ಹೆಸರು, ಯಾರ ಹೆಸರಲ್ಲಿದೆ, ರಿನ್ಯೂವಲ್ ನೋಟಿಸ್ ಯಾರ ಮೇಲಿಗೆ ಹೋಗುತ್ತೆ ನೋಡಿಕೊಳ್ಳಿ. ವಿಸಿಟಿಂಗ್ ಕಾರ್ಡ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿದ್ದು, ಅವನ ಫೋನ್ ಸ್ವಿಚ್ಡ್ ಆಫ್ ಆಗಿದ್ದರೆ, ಗೇಟಿನ ಬೋರ್ಡಿನ ಮೇಲೆ ಬರೆಸಿದ್ದ ಆ ಹಳೇ ಜಿಮೇಲ್ ವಿಳಾಸವನ್ನು ಅಳಿಸಬೇಡಿ.