ಮೆಕ್ಯಾನಿಕಲ್ಲೋ ಮೆಕಟ್ರಾನಿಕ್ಸೋ: ವಿಷಯಪಟ್ಟಿ ಓದಿ ನಿರ್ಧರಿಸಿ

ಮೆಕ್ಯಾನಿಕಲ್ ಪದವಿಯ ಕಾಲ ಮುಗಿಯಿತು, ಇನ್ನೇನಿದ್ದರೂ ಯಂತ್ರ, ಎಲೆಕ್ಟ್ರಾನಿಕ್ಸ್, ಪ್ರೋಗ್ರಾಮಿಂಗ್‌ಗಳನ್ನು ಒಟ್ಟಿಗೆ ಕಲಿಸುವ ಮೆಕಟ್ರಾನಿಕ್ಸ್ ಎಂಬ ವಾದವನ್ನು ಪೂರ್ತಿಯಾಗಿ ಒಪ್ಪಲಾರೆ. ರೋಬೋಟಿನ ತೋಳಿನ ಒಂದೇ ಒಂದು ಕೀಲನ್ನು ಗಮನಿಸಿ: ಅಲ್ಲಿ ಹೇಳಿದಷ್ಟೇ ತಿರುಗುವ ಸರ್ವೋ ಮೋಟಾರು, ಅದರ ತಿರುಗುವಿಕೆಯನ್ನು ಅಳೆಯುವ ಎನ್‌ಕೋಡರ್, ವೇಗ ತಗ್ಗಿಸಿ ತಿರುಗುಬಲ ಹೆಚ್ಚಿಸುವ ಗಿಯರ್‌ಬಾಕ್ಸ್, ಇವೆಲ್ಲವನ್ನೂ ಹತೋಟಿಯಲ್ಲಿಡುವ ಕಂಟ್ರೋಲರ್ ಇರುತ್ತವೆ. ಗಿಯರ್ ಹಲ್ಲುಗಳ ನಡುವೆ ಸಡಿಲವಿದ್ದು, ಎನ್‌ಕೋಡರ್ ಮೋಟಾರಿನ ಕಡೆಗಷ್ಟೇ ಇದ್ದರೆ ಕಂಟ್ರೋಲರಿಗೆ ಆ ಸಡಿಲ ಕಾಣುವುದೇ ಇಲ್ಲ. ಇಂತಹ ದೋಷದ ಮೂಲ ಲೋಹದಲ್ಲಿದೆಯೋ ಕೋಡಿನಲ್ಲಿದೆಯೋ ಎಂದು ಗುರುತಿಸಬಲ್ಲವರನ್ನು ರೂಪಿಸುವುದೇ ಮೆಕಟ್ರಾನಿಕ್ಸಿನ ನಿಜವಾದ ಹೆಚ್ಚುಗಾರಿಕೆ.

ಆದರೆ ಮೆಕ್ಯಾನಿಕಲ್ ಪದವಿಯಷ್ಟೇ ಅವಧಿಯಲ್ಲಿ ಎಲೆಕ್ಟ್ರಾನಿಕ್ಸ್, ನಿಯಂತ್ರಣ ಸಿದ್ಧಾಂತ, ಪ್ರೋಗ್ರಾಮಿಂಗ್‌ಗಳನ್ನೂ ಕಲಿಸಬೇಕಾದಾಗ ಉಷ್ಣಚಲನಶಾಸ್ತ್ರ, ಶಾಖ ವರ್ಗಾವಣೆಯಂತಹ ವಿಷಯಗಳಿಗೆ ಸಾಮಾನ್ಯವಾಗಿ ಕತ್ತರಿ ಬೀಳುತ್ತದೆ. ಟರ್ಬೈನ್, ಎಂಜಿನ್, ಶೈತ್ಯೀಕರಣದತ್ತ ಒಲವುಳ್ಳವರಿಗೆ ಇದು ಸಣ್ಣ ನಷ್ಟವಲ್ಲ. ಪದವಿಯ ಹೆಸರಿಗೆ ಮರುಳಾಗದೆ ಪ್ರತಿ ಸೆಮಿಸ್ಟರಿನ ವಿಷಯಪಟ್ಟಿಯನ್ನು ಓದಿ, ಪ್ರಯೋಗಾಲಯದ ಕೆಲಸ ಎಷ್ಟಿದೆ ಎಂಬುದನ್ನು ವಿಚಾರಿಸಿ. ಮೆಕ್ಯಾನಿಕಲ್ ಪಠ್ಯಕ್ಕೆ ಎರಡು ಮೂರು ವಿಷಯ ಅಂಟಿಸಿ ಹೊಸ ಫಲಕ ತೂಗುಹಾಕಿದ್ದರೆ (ಅದೂ ಉಂಟು) ಅದಕ್ಕಾಗಿ ಹಾತೊರೆಯಬೇಕಿಲ್ಲ. ಇನ್ನೂ ಮನಸ್ಸು ಗಟ್ಟಿಯಾಗದವರು ಮೆಕ್ಯಾನಿಕಲ್ ಸೇರಿ, ನಿಯಂತ್ರಣ ವ್ಯವಸ್ಥೆ ಮತ್ತು ಎಂಬೆಡೆಡ್ ಸಿಸ್ಟಮ್‌ಗಳನ್ನು (ಯಂತ್ರದೊಳಗೇ ಅಡಕವಾಗಿರುವ ಪುಟ್ಟ ಕಂಪ್ಯೂಟರ್ ವ್ಯವಸ್ಥೆಗಳು) ಐಚ್ಛಿಕ ವಿಷಯಗಳಾಗಿ ಆಯ್ದುಕೊಳ್ಳುವುದು ಮೇಲು ಎಂದು ನನಗನ್ನಿಸುತ್ತದೆ.