ಸಣ್ಣ ಗುಂಡು, ಜಿಂಕೆ ಮತ್ತು ನಾನು ಹುಡುಕಿ ಸೋತ ಒಂದು ಸಂಜೆ

ಹೋದ ಭಾನುವಾರ ಜಗಳೂರಿನಿಂದ ದಾವಣಗೆರೆಗೆ ಬಂದಿದ್ದೆ. ಬೆಣ್ಣೆ ದೋಸೆ ಹೋಟೆಲಿನಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಸಿಕ್ಕಿದ. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಅಮೆರಿಕದ ಯಾರೋ ಒಬ್ಬ ಸಣ್ಣ ರೈಫಲ್‌ನಲ್ಲಿ ಜಿಂಕೆಗೆ ಹೊಡೆಯುತ್ತಾನೆ. ಅದು ನಿಂತಲ್ಲೇ ಕುಸಿಯುತ್ತದೆ. "ನೋಡಣ್ಣ, ಪೆನ್ಸಿಲ್‌ಗಿಂತ ಸಣ್ಣ ಗುಂಡು ಸಾಕು. ನೀನೂ ಅಲ್ಲಿದ್ದಾಗ ತೋಟೆ ಮನೇಲೇ ತುಂಬ್ತಿದ್ದೆಯಂತೆ, ಹೌದಾ?" ಅಂದ.

ಹೌದು, ತುಂಬುತ್ತಿದ್ದೆ. ಆದರೆ "ಸಾಕು" ಅನ್ನೋ ಅವನ ಮಾತು ಇನ್ನೂ ಕಿವಿಯಲ್ಲೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಟೆಕ್ಸಾಸ್‌ನಲ್ಲಿ ಆರು ವರ್ಷ ಕೆಲಸದಲ್ಲಿದ್ದೆ. ಅಲ್ಲಿ ವೀಸಾದ ಮೇಲಿರುವವರೂ ಬೇಟೆಯ ಲೈಸೆನ್ಸ್ ಪಡೆದರೆ ರೈಫಲ್ ಇಟ್ಟುಕೊಳ್ಳಬಹುದು. ಹಿಲ್ ಕಂಟ್ರಿ ಅನ್ನುವ ಗುಡ್ಡಗಾಡಿನಲ್ಲಿ ಬಿಳಿಬಾಲದ ಜಿಂಕೆಗಳು ವಿಪರೀತ. ಸೀಸನ್ ಯಾವಾಗ, ಒಬ್ಬರಿಗೆ ಎಷ್ಟು ಎಂಬುದನ್ನೆಲ್ಲ ಸರ್ಕಾರವೇ ಗೊತ್ತು ಮಾಡುತ್ತದೆ. ನನ್ನ ಹತ್ತಿರ ಇದ್ದದ್ದು 223 ರೆಮಿಂಗ್ಟನ್ ಅನ್ನುವ ಸಣ್ಣ ತೋಟೆಯ ರೈಫಲ್. ಗುಂಡಿನ ಅಡ್ಡಗಲ 5.7 ಮಿಲಿಮೀಟರ್. 55 ಗ್ರೇನ್ ಗುಂಡು ಅಂದರೆ ಮೂರೂವರೆ ಗ್ರಾಂ ಅಷ್ಟೇ.

ತೋಟೆಯಲ್ಲಿ ಇರುವುದು ನಾಲ್ಕೇ ವಸ್ತು. ಹಿತ್ತಾಳೆ ಕೇಸು, ತಳದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಪೌಡರ್, ತುದಿಯಲ್ಲಿ ಗುಂಡು. ಹೊಡೆದ ಮೇಲೆ ಕೇಸು ಉಳಿಯುತ್ತದೆ. ಅದನ್ನು ತೊಳೆದು, ಅಳತೆಗೆ ತಂದು, ಮತ್ತೆ ತುಂಬುತ್ತಾರೆ. ಪೌಡರ್ ಎಷ್ಟು ಅಂತ ಅಂದಾಜಿನಲ್ಲಿ ಹಾಕುವ ಹಾಗಿಲ್ಲ. ಪುಸ್ತಕದ ಕೋಷ್ಟಕ ನೋಡಿ, ಅಲ್ಲಿ ಹೇಳಿದ ಕಡಿಮೆ ಅಳತೆಯಿಂದ ಶುರು ಮಾಡಬೇಕು. ಪ್ರತಿಯೊಂದನ್ನೂ ತೂಗಬೇಕು. ಜಾಸ್ತಿಯಾದರೆ ರೈಫಲ್ಲೇ ಒಡೆದು ಮುಖಕ್ಕೆ ಬರುತ್ತದೆ. ದುಡ್ಡು ಉಳಿಯುತ್ತದೆ ಅಂತ ಹಲವರು ಇದಕ್ಕೆ ಇಳಿಯುತ್ತಾರೆ. ನಾನೂ ಹಾಗೇ ಇಳಿದವನು. ನನ್ನ ತಪ್ಪು ಶುರುವಾದದ್ದೂ ಅಲ್ಲೇ.

ಮೊದಲ ವರ್ಷ ಅಗ್ಗಕ್ಕೆ ಸಿಕ್ಕಿದ ಗುಂಡುಗಳ ಒಂದು ಡಬ್ಬಿ ತಂದೆ. ಅವು ಮೊಲ, ನರಿಯಂಥ ಸಣ್ಣ ಪ್ರಾಣಿಗೆ ಮಾಡಿದವು. ಒಳಗಿನ ಸೀಸದ ಮೇಲೆ ತಾಮ್ರದ ಹೊದಿಕೆ ತೀರಾ ತೆಳು. ತಾಗಿದ ಕೂಡಲೇ ಪುಡಿಯಾಗಲಿ ಅಂತಲೇ ಹಾಗೆ ಮಾಡಿರುತ್ತಾರೆ. ಗುರಿ ಹಲಗೆಯ ಮೇಲೆ ಎಷ್ಟು ಚೆನ್ನಾಗಿ ಕೂರುತ್ತಿದ್ದವು ಅಂದರೆ, ನೂರು ಗಜದಲ್ಲಿ ಐದು ಗುಂಡನ್ನೂ ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚಬಹುದಿತ್ತು. ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡೆ.

ನವೆಂಬರ್‌ನ ಒಂದು ಸಂಜೆ ಒಂದು ಹೆಣ್ಣು ಜಿಂಕೆಗೆ ಹೊಡೆದೆ. ಗುಂಡು ಭುಜದ ಮೂಳೆಗೆ ತಾಗಿತು. ಅಲ್ಲೇ ಚೂರಾಯಿತು. ಶ್ವಾಸಕೋಶದವರೆಗೆ ಇಳಿಯಲೇ ಇಲ್ಲ. ಜಿಂಕೆ ಬಿದ್ದು, ಎದ್ದು, ಮೂರು ಕಾಲಿನಲ್ಲಿ ಓಡಿತು. ಕತ್ತಲಾಗುವವರೆಗೆ ರಕ್ತದ ಹನಿ ಹಿಡಿದು ಹುಡುಕಿದೆ. ಟಾರ್ಚ್ ಹಾಕಿಕೊಂಡು ಮತ್ತೆ ಹುಡುಕಿದೆ. ಸಿಗಲಿಲ್ಲ. ಮರುದಿನ ಬೆಳಿಗ್ಗೆ ಒಂದು ಮುಳ್ಳುಪೊದೆಯ ಕೆಳಗೆ ಸಿಕ್ಕಿತು. ಮಣ್ಣು ಕೆರೆದಿದ್ದ ಗುರುತು ಸುತ್ತಲೂ ಇತ್ತು. ರಾತ್ರಿಯೆಲ್ಲ ಜೀವ ಹಿಡಿದುಕೊಂಡಿತ್ತು ಅಂತ ಅದನ್ನು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಆಮೇಲೆ ಓದಲು ಕೂತೆ. ಜಾನ್ ನೋಸ್ಲರ್ ಎಂಬಾತನಿಗೆ 1946ರಲ್ಲಿ ಕೆನಡಾದಲ್ಲಿ ಇಂಥದ್ದೇ ಆಗಿತ್ತು. ಮೂಸ್ ಎಂಬ ದೊಡ್ಡ ಸಾರಂಗಕ್ಕೆ ಹೊಡೆದ ಗುಂಡು ಒಳಗೆ ಇಳಿಯಲಿಲ್ಲ. ಅವನು ಮನೆಗೆ ಬಂದು ಹೊಸ ಗುಂಡನ್ನೇ ಮಾಡಿದ. ಸೀಸದ ಎರಡು ಭಾಗ, ನಡುವೆ ತಾಮ್ರದ ಒಂದು ಗೋಡೆ. ಮುಂದಿನ ಭಾಗ ಅಣಬೆಯ ಹಾಗೆ ಅರಳುತ್ತದೆ. ಹಿಂದಿನದು ಗಟ್ಟಿಯಾಗಿ ಒಳಗೆ ಸಾಗುತ್ತದೆ. 1948ರಿಂದ ಅದು ಪಾರ್ಟಿಷನ್ ಹೆಸರಿನಲ್ಲಿ ಮಾರಾಟವಾಗುತ್ತಿದೆ. 223ಕ್ಕೂ 60 ಗ್ರೇನ್‌ನದು ಸಿಗುತ್ತದೆ. ಈಗ ಪೂರ್ತಿ ತಾಮ್ರದ ಗುಂಡುಗಳೂ ಇವೆ. ಮಾಂಸದಲ್ಲಿ ಸೀಸದ ಚೂರು ಉಳಿಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈನಿಂದ ಬೇಟೆಗೆ ಸೀಸವನ್ನೇ ನಿಲ್ಲಿಸಿದ್ದಾರೆ.

ಗುಂಡನ್ನು ಬುಗುರಿಯ ಹಾಗೆ ತಿರುಗಿಸಿ ಕಳಿಸುವ, ನಳಿಗೆಯ ಒಳಗಿನ ತಿರುವನ್ನೂ ನೋಡಬೇಕು. 12 ಇಂಚಿಗೆ ಒಂದು ಸುತ್ತು ಇರುವ ಹಳೆಯ ನಳಿಗೆ ಉದ್ದದ, ಭಾರದ ಗುಂಡನ್ನು ನೆಟ್ಟಗೆ ಕಳಿಸುವುದಿಲ್ಲ. 8 ಇಂಚಿಗೆ ಒಂದು ಸುತ್ತು ಇರುವುದು ಕಳಿಸುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯ ಗುಂಡು ತಂದರೂ ಅದು ಅಡ್ಡಡ್ಡ ಹೋಗುತ್ತದೆ.

ಸಣ್ಣ ಗುಂಡಿನ ಬಗ್ಗೆ ನಾಡು ನಾಡಿಗೆ ಕಾನೂನು ಬೇರೆ. ಅಮೆರಿಕದ ಕೊಲರಾಡೋ ರಾಜ್ಯದಲ್ಲಿ 24 ಕ್ಯಾಲಿಬರ್‌ಗಿಂತ, ಅಂದರೆ ಅಡ್ಡಗಲ ಸುಮಾರು 6 ಮಿಲಿಮೀಟರ್‌ಗಿಂತ, ಸಣ್ಣದಿದ್ದರೆ ಜಿಂಕೆಗೆ ಹೊಡೆಯುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ ಪುಟ್ಟ ರೋ ಜಿಂಕೆಗೆ 22 ಕ್ಯಾಲಿಬರ್ ಸೆಂಟರ್‌ಫೈರ್, ಅಂದರೆ ತಳದ ನಡುವೆ ಪ್ರೈಮರ್ ಇರುವ ತೋಟೆ, ನಡೆಯುತ್ತದೆ, ಆದರೆ ಗುಂಡು 50 ಗ್ರೇನ್‌ಗೆ ಕಡಿಮೆ ಇರಬಾರದು. ಟೆಕ್ಸಾಸ್‌ನಲ್ಲಿ ನಾನಿದ್ದಾಗ ತಳದ ಅಂಚಿನಲ್ಲೇ ಕಿಡಿಮದ್ದು ಇರುವ ರಿಮ್‌ಫೈರ್ ತೋಟೆ ಮಾತ್ರ ನಿಷಿದ್ಧ, ಉಳಿದದ್ದು ಹೊಡೆಯುವವನ ಮನಸ್ಸಾಕ್ಷಿಗೆ ಬಿಟ್ಟದ್ದು. ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ರೈಫಲ್ ಹಿಡಿದವನು "ಎಷ್ಟು ದೂರ ಹೊಡೆಯಬಲ್ಲೆ" ಅಂತ ಯೋಚಿಸಬಾರದು. "ಎಲ್ಲಿ ಹೊಡೆಯದೆ ಬಿಡಬೇಕು" ಅಂತ ಮೊದಲೇ ಗೆರೆ ಹಾಕಿಕೊಳ್ಳಬೇಕು. ನನ್ನ ಗೆರೆ 120 ಗಜ. ಪೂರ್ತಿ ಅಡ್ಡ ನಿಂತಿರಬೇಕು. ಭುಜದ ಹಿಂದೆ, ಹೃದಯ ಮತ್ತು ಶ್ವಾಸಕೋಶದ ಜಾಗ ಮಾತ್ರ. ಉಳಿದ ಐದು ವರ್ಷದಲ್ಲಿ ಹೊಡೆದದ್ದಕ್ಕಿಂತ ಬಿಟ್ಟು ಬಂದದ್ದೇ ಜಾಸ್ತಿ.

ಇಷ್ಟನ್ನೂ ಆ ಹುಡುಗನಿಗೆ ಹೇಳಬೇಕಿತ್ತು. ಇನ್ನೊಂದನ್ನೂ ಹೇಳಬೇಕಿತ್ತು. ತಮ್ಮಾ, ಅದು ಅಲ್ಲಿಯ ಲೆಕ್ಕ. ನಮ್ಮ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಇರುವುದು ಕೊಂಡುಕುರಿ. ಗಂಡಿಗೆ ನಾಲ್ಕು ಕೊಂಬು. ಇಪ್ಪತ್ತು ಕೆಜಿ ಆಸುಪಾಸಿನ ಪ್ರಾಣಿ. ನಾವು ಸುಮ್ನೆ ಎಲ್ಲಕ್ಕೂ ಜಿಂಕೆ ಅಂತೀವಿ, ಅಲ್ವಾ? ಈ ಕೊಂಡುಕುರಿಗೆಂದೇ 2011ರಲ್ಲಿ ಅಲ್ಲಿ ವನ್ಯಧಾಮ ಆಯಿತು. ಚಳ್ಳಕೆರೆ ಕಡೆಯ ಅಮೃತ್ ಮಹಲ್ ಕಾವಲಿನಲ್ಲಿ ಕೃಷ್ಣಮೃಗಗಳಿವೆ. ಇವೆರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹೊಡೆದರೆ ಕನಿಷ್ಠ ಮೂರು ವರ್ಷ ಜೈಲು, ಏಳರವರೆಗೂ ಹೋಗಬಹುದು. ಜೈಲಿನ ಮಾತು ಬಿಡು. ಟೆಕ್ಸಾಸ್‌ನಲ್ಲಿ ಜಿಂಕೆಗಳು ಎಷ್ಟಿವೆ ಅಂದರೆ, ರಸ್ತೆಯಲ್ಲಿ ಕಾರಿಗೆ ಸಿಕ್ಕಿಯೂ ಸಾಯುತ್ತವೆ. ಇಲ್ಲಿ ಕೊಂಡುಕುರಿಯನ್ನು ನೋಡಿದವರೇ ನಮ್ಮೂರಲ್ಲಿ ಎಷ್ಟು ಜನ ಇದ್ದಾರೆ ಹೇಳು. ಇಲ್ಲಿ ಯಾವ ಗುಂಡು ಸರಿ ಅನ್ನೋ ಪ್ರಶ್ನೆಯೇ ಇಲ್ಲ.

ನಮ್ಮಜ್ಜನ ಹತ್ತಿರ ಬೆಳೆ ಕಾಯಲು ಲೈಸೆನ್ಸ್ ಇದ್ದ ಕೇಪಿನ ಕೋವಿ ಇತ್ತು. ಚುನಾವಣೆ ಬಂದರೆ ಠಾಣೆಗೆ ಹೋಗಿ ಇಟ್ಟು ಬರುತ್ತಿದ್ದರು. ಮದ್ದನ್ನು ಬೆರಳಲ್ಲೇ ಅಳೆಯುತ್ತಿದ್ದರು. ಒಂದು ರಾತ್ರಿ ಹೆದರಿಸಲು ಹಾರಿಸಿದ ಚರೆ ಒಂದು ಹಂದಿಗೆ ತಾಗಿತು. ಮೂರು ದಿನ ಬಿಟ್ಟು, ಜೋಳದ ಹೊಲದಲ್ಲಿ ವಾಸನೆ ಬಂದಾಗಲೇ ಅದು ಎಲ್ಲಿ ಸತ್ತಿದೆ ಅಂತ ತಿಳಿದದ್ದು. ಅಜ್ಜ ಅವತ್ತು ಊಟ ಮಾಡಲಿಲ್ಲ. ಆಮೇಲೆ ಕೋವಿಗೆ ಚರೆ ಹಾಕಲೇ ಇಲ್ಲ. ಬರೀ ಮದ್ದು ತುಂಬಿ ಸದ್ದು ಮಾಡುತ್ತಿದ್ದರು. ಢಂ ಅಂದರೆ ಹಂದಿಗಳು ಓಡುತ್ತಿದ್ದವು. ಮರುದಿನ ಮತ್ತೆ ಬರುತ್ತಿದ್ದವು. ಅಜ್ಜ ಕಂಬಳಿ ಹೊದ್ದು ಮತ್ತೆ ಹೊಲಕ್ಕೆ ಹೊರಡುತ್ತಿದ್ದರು.