ಡೈಮಂಡ್ ಎಂದರೆ ಡೈಮಂಡ್ ಅಲ್ಲವಂತೆ!

ನಿನ್ನೆ ರಾತ್ರಿ ನನ್ನ ತಾಳ್ಮೆ ಮುಗಿಯಿತು. ಬ್ರಿಡ್ಜ್ ಎಂಬ ಎಲೆಯಾಟದ ಮೇಜಿನಲ್ಲಿ ಬಿಡ್ (ಸವಾಲು) ಕೂಗುವಾಗ ಜೊತೆಗಾರ ‘ಒಂದು ನೋ ಟ್ರಂಪ್’, ಅಂದರೆ ಯಾವ ಬಣ್ಣವೂ ತುರುಫಲ್ಲ, ಎಂದ. ನನ್ನ ಕೈಯಲ್ಲಿ ಆರು ಡೈಮಂಡ್ ಎಲೆಗಳು, ಆಟೀನಿನದು ಒಂದೇ ಒಂದು, ಅದೂ ಮೂರು. ‘ಎರಡು ಡೈಮಂಡ್’ ಎಂದೆ. ಅವನು ತಕ್ಷಣ ‘ಎರಡು ಆಟೀನ್’ ಎಂದ! ತಬ್ಬಿಬ್ಬಾಗಿ ಪಾಸ್ ಹೇಳಿದೆ. ಡಮ್ಮಿಯಾಗಿ, ಅಂದರೆ ತಾನು ಆಡದೆ ಎಲೆ ತೆರೆದಿಡುವವನಾಗಿ, ಎಲೆಗಳನ್ನು ಹರಡಿದಾಗ ಆ ಒಂಟಿ ಮೂರನ್ನು ಕಂಡು ಅವನ ಮುಖ ಕೆಂಪೇರಿತು. ಜಾಕೋಬಿ ಟ್ರಾನ್ಸ್‌ಫರ್ ಎಂಬ ಬಿಡ್ ಸಂಕೇತದ ಪ್ರಕಾರ ನಾನು ‘ಐದು ಆಟೀನ್ ಇವೆ’ ಎಂದು ಹೇಳಿದಂತಾಗಿತ್ತಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದವನೇ ತಪ್ಪಿತಸ್ಥನೇ?

ಇದು ಯಾವ ಭಾಷೆ? ಸ್ಟೇಮನ್ ಎಂಬ ಇನ್ನೊಂದು ಸಂಕೇತದಲ್ಲಿ ‘ಎರಡು ಕಳಾವರ್’ ಎಂದರೆ ನಾಲ್ಕೆಲೆಯ ಆಟೀನೋ ಇಸ್ಪೀಟೋ ಇದೆಯೇ ಎಂಬ ಪ್ರಶ್ನೆ. ಡಬಲ್ ಎಂದರೆ ಒಮ್ಮೆ ಎದುರಾಳಿಗೆ ದಂಡ, ಇನ್ನೊಮ್ಮೆ ಜೊತೆಗಾರನಿಗೆ ‘ನಿನ್ನ ಬಣ್ಣ ಹೇಳು’ ಎಂಬ ಕೋರಿಕೆ.

ಬ್ಲ್ಯಾಕ್‌ವುಡ್ ಎಂಬ ಸಂಕೇತವಂತೂ ನಿದ್ದೆಗೆಡಿಸಿದೆ. ‘ನಾಲ್ಕು ನೋ ಟ್ರಂಪ್’ ಎಂದು ಎಕ್ಕಗಳನ್ನು ಕೇಳಬೇಕು. ಒಂದಿದ್ದರೆ ಐದು ಡೈಮಂಡ್, ಎರಡಿದ್ದರೆ ಐದು ಆಟೀನ್. ಅದನ್ನು ಬಾಯಿಪಾಠ ಮಾಡಿ ಮುಗಿಸುವಷ್ಟರಲ್ಲಿ ಇನ್ನೊಬ್ಬ ಜೊತೆಗಾರ ‘ನಮ್ಮದು ಕೀ ಕಾರ್ಡ್, ತುರುಫಿನ ರಾಜನೂ ಲೆಕ್ಕಕ್ಕೆ’ ಎನ್ನುತ್ತಾನೆ. ಅದರಲ್ಲೂ 1430 ಎಂಬ ಉತ್ತರ ಪದ್ಧತಿ ಒಂದು, 0314 ಇನ್ನೊಂದು! ‘ಐದು ಕಳಾವರ್’ ಎಂದರೆ ಅದರಲ್ಲಿ ಒಂದೋ ನಾಲ್ಕೋ, ಇದರಲ್ಲಿ ಸೊನ್ನೆಯೋ ಮೂರೋ. ಸೊನ್ನೆಗೂ ಮೂರಕ್ಕೂ ಒಂದೇ ಉತ್ತರವೆಂದರೆ ತಲೆ ಚಚ್ಚಿಕೊಳ್ಳದೆ ಇನ್ನೇನು ಮಾಡುವುದು?

ಬಿಡ್‌ಗಳಿರುವುದು ಬರೀ 35. ಅವುಗಳಿಗೆ ಮನುಷ್ಯರು ಹಚ್ಚಿರುವ ಅರ್ಥಗಳಿಗೆ ಮಾತ್ರ ಕೊನೆ ಮೊದಲಿಲ್ಲ. ನಾಳೆ ಮತ್ತೊಬ್ಬ ಹೊಸ ಜೊತೆಗಾರ ಬರುತ್ತಾನೆ.